ಬಾಗಿಲಿಲ್ಲದ ಪುಸ್ತಕದಂಗಡಿ

ಪುಸ್ತಕ ಮೇಳ ಮುಗಿದ ಮರುದಿನ ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ: ವ್ಯಾಪಾರ ಎಷ್ಟಾಯಿತು? ಮಳಿಗೆಯ ಬಾಡಿಗೆ ಕಟ್ಟಿ, ಟೆಂಪೊಗೆ ಪುಸ್ತಕದ ಬಂಡಲು ಹೇರಿಸಿಕೊಂಡು ಬಂದ ಪ್ರಕಾಶಕರಿಗೆ ಅದನ್ನು ಕೇಳುವ ಹಕ್ಕು ಖಂಡಿತ ಇದೆ. ಆದರೆ ಬೆಂಗಳೂರಿನಲ್ಲಿ ಇಷ್ಟು ವರ್ಷಗಳಲ್ಲಿ ಕಂಡ ಮೇಳಗಳನ್ನೆಲ್ಲ ನೆನಪಿಗೆ ತಂದುಕೊಂಡರೆ, ಅರಮನೆ ಮೈದಾನದ ಶಾಮಿಯಾನಗಳಿರಲಿ, ಬಸವನಗುಡಿಯ ನ್ಯಾಷನಲ್ ಕಾಲೇಜು ಮೈದಾನವಿರಲಿ, ಜಯನಗರದ ಶಾಲಿನಿ ಮೈದಾನವಿರಲಿ, ವಿಧಾನಸೌಧದ ಅಂಗಳವಿರಲಿ, ಯಾವುದರ ವ್ಯಾಪಾರದ ಲೆಕ್ಕವೂ ನನ್ನ ಮನಸ್ಸಿನಲ್ಲಿ ಉಳಿದಿಲ್ಲ. ಉಳಿದಿರುವುದು ಅಲ್ಲಿಗೆ ಬಂದ ಜನ. ಬೇರೆ ದಿನಗಳಲ್ಲಿ ಪುಸ್ತಕದಂಗಡಿಯ ಮೆಟ್ಟಿಲು ಹತ್ತದ ಜನ ಅಲ್ಲಿ ಅರ್ಧ ದಿನ, ಒಂದು ದಿನ, ಯಾರ ಅಪ್ಪಣೆಯನ್ನೂ ಕೇಳದೆ ಪುಸ್ತಕಗಳ ನಡುವೆ ಓಡಾಡಿಕೊಂಡಿದ್ದರು. ಬಯಲಿನ ಪುಸ್ತಕ ಮೇಳದ ನಿಜವಾದ ಕೆಲಸ ಅದೇ ಎಂದು ನಾನು ನಂಬಿದ್ದೇನೆ. ಅಂಗಡಿಯೂ ಗ್ರಂಥಾಲಯವೂ ಮೊಬೈಲಿನ ಪರದೆಯೂ ಮಾಡಲಾಗದ ಕೆಲಸ ಅದು. ಆದ್ದರಿಂದಲೇ ಅಂಥ ಮೇಳ ಊರಿನ ಒಂದೇ ಮಗ್ಗುಲಿಗೆ ಸೇರಿಹೋಗಬಾರದು. ಉತ್ತರ ಬೆಂಗಳೂರಿನ ಸಿಂಗಾಪುರ, ಯಲಹಂಕ, ಹೆಬ್ಬಾಳದ ಕಡೆಗೂ ಬರಬೇಕು.

ಅಂಗಡಿಯ ಬಾಗಿಲು ಏನು ಮಾಡುತ್ತದೆ ಎಂಬುದನ್ನು ಮೊದಲು ನೋಡಬೇಕು. ಒಳಗೆ ಕಾಲಿಟ್ಟವರನ್ನು 'ಏನು ಬೇಕಿತ್ತು ಸಾರ್?' ಎಂದು ಕೇಳುತ್ತಾರೆ. ಕೇಳುವವರು ಮರ್ಯಾದೆಯಿಂದಲೇ ಕೇಳುತ್ತಾರೆ. ಆದರೆ ಏನು ಬೇಕೆಂದು ಗೊತ್ತಿರುವವರಿಗೆ ಮಾತ್ರ ಆ ಪ್ರಶ್ನೆ ಸಲೀಸು. ಓದಬೇಕೆಂಬ ಆಸೆಯಿದ್ದೂ ಯಾವುದನ್ನು ಓದಬೇಕೆಂದು ತಿಳಿಯದವರು, ಮಗಳಿಗೆ ಒಂದು ಕಥೆ ಪುಸ್ತಕ ಕೊಡಿಸಬೇಕು ಅನ್ನಿಸಿದ್ದರೂ ಲೇಖಕರ ಹೆಸರು ಗೊತ್ತಿಲ್ಲದವರು ಆ ಒಂದು ಪ್ರಶ್ನೆಗೇ ಹಿಂದೆ ಸರಿಯುತ್ತಾರೆ. ಮೈದಾನದಲ್ಲಿ ಹಾಗಲ್ಲ. ಅಲ್ಲಿ ಹೊಸ ಓದುಗರ ನಡವಳಿಕೆಯನ್ನು ಹತ್ತಿರದಿಂದ ಗಮನಿಸಿದರೆ ಬಹುತೇಕ ಒಂದೇ ಕ್ರಮ ಕಾಣುತ್ತದೆ. ಮೊದಲು ಮೇಜಿಗೆ ಎರಡು ಹೆಜ್ಜೆ ದೂರ ನಿಂತು ಮುಖಪುಟಗಳ ಮೇಲೆ ಕಣ್ಣಾಡಿಸುತ್ತಾರೆ. ಮುಂದಿನವರು ಸರಿದ ಮೇಲೆ ಹತ್ತಿರ ಬಂದು ಒಂದನ್ನು ಎತ್ತಿಕೊಳ್ಳುತ್ತಾರೆ, ತಿರುಗಿಸಿ ಬೆನ್ನುಡಿ ಓದುತ್ತಾರೆ, ಅದೇ ಪುಟದ ಕೆಳಗಿನ ಬೆಲೆ ನೋಡುತ್ತಾರೆ, ನಡುವೆ ಎಲ್ಲೋ ತೆರೆದು ನಾಲ್ಕು ಸಾಲು ಓದುತ್ತಾರೆ. ಆಮೇಲೆ ಇದ್ದ ಜಾಗದಲ್ಲೇ ಸರಿಯಾಗಿ ಇಟ್ಟು, 'ಒಂದು ರೌಂಡ್ ಹಾಕ್ಕೊಂಡು ಬರ್ತೀವಿ' ಅನ್ನುತ್ತಾರೆ. ಬಾರಿ ಬಾರಿ ಮಳಿಗೆ ಹಾಕಿದವರಿಗೆ ಆ ಮಾತಿನ ಬೆಲೆ ಗೊತ್ತು. ಎಲ್ಲರೂ ಮರಳಿ ಬರುವುದಿಲ್ಲ. ಆದರೆ ಸಂಜೆಯ ಹೊತ್ತಿಗೆ ಬಂದವರು ನೇರವಾಗಿ ಅದೇ ಮೇಜಿಗೆ, ಅದೇ ಪುಸ್ತಕಕ್ಕೆ ಬರುತ್ತಾರೆ. ಮಧ್ಯಾಹ್ನಕ್ಕೂ ಸಂಜೆಗೂ ನಡುವಿನ ಆ ಮೂರ್ನಾಲ್ಕು ಗಂಟೆಗಳಲ್ಲಿ ಅವರೊಳಗೆ ಏನೋ ಇತ್ಯರ್ಥವಾಗಿರುತ್ತದೆ. ಅಷ್ಟು ಹೊತ್ತು ಸುಮ್ಮನೆ ಅಲ್ಲಿರಲು ಅವರಿಗೆ ಅವಕಾಶವಿದ್ದದ್ದರಿಂದಲೇ ಅದು ಸಾಧ್ಯವಾಯಿತು.

ಬಾಗಿಲಿನ ಮಾತು ನನ್ನ ಕಲ್ಪನೆಯಲ್ಲ ಎನ್ನುವುದಕ್ಕೆ ಈಚಿನ ಎರಡು ಉದಾಹರಣೆ ಸಾಕು. 2025ರ ಫೆಬ್ರುವರಿ ಕೊನೆಯಲ್ಲಿ ವಿಧಾನಸಭಾಧ್ಯಕ್ಷ ಯು.ಟಿ. ಖಾದರ್ ಅವರ ಮುತುವರ್ಜಿಯಿಂದ ವಿಧಾನಸೌಧದ ಆವರಣದಲ್ಲಿ ಪುಸ್ತಕ ಮೇಳ ನಡೆಯಿತು. ಕೆಂಗಲ್ ಹನುಮಂತಯ್ಯನವರು ಕಟ್ಟಿಸಿದ ಆ ಕಟ್ಟಡ 1956ರಿಂದ ಅಲ್ಲಿದೆ. ಸಾಮಾನ್ಯ ದಿನಗಳಲ್ಲಿ ಒಳಗೆ ಹೋಗಲು ಪಾಸ್ ಬೇಕು, ಕಾರಣ ಬೇಕು, ಪರಿಚಯವಿದ್ದರೆ ಇನ್ನೂ ಒಳ್ಳೆಯದು. ಮೇಳದ ದಿನಗಳಲ್ಲಿ ಅದ್ಯಾವುದೂ ಬೇಕಾಗಲಿಲ್ಲ. ರಸ್ತೆಯಾಚೆ ನಿಂತು ಫೋಟೊ ತೆಗೆಸಿಕೊಂಡು ಹೋಗುತ್ತಿದ್ದ ಕುಟುಂಬಗಳು ಮಕ್ಕಳ ಕೈ ಹಿಡಿದು ಒಳಗೆ ಬಂದವು. ಕಟ್ಟಡ ನೋಡಲೆಂದು ಬಂದವರೂ ಪುಸ್ತಕದ ಸಾಲುಗಳ ನಡುವೆಯೇ ಹಾದುಹೋಗಬೇಕಿತ್ತು. ಎರಡನೆಯದು ಬೆಂಗಳೂರು ಸಾಹಿತ್ಯ ಉತ್ಸವ. 2012ರಲ್ಲಿ ಆರಂಭವಾದ ಈ ಉತ್ಸವಕ್ಕೆ ಪ್ರವೇಶ ಶುಲ್ಕವಿಲ್ಲ. ಆದರೂ ಬಹಳ ವರ್ಷ ಅದು ನಡೆದದ್ದು ದೊಡ್ಡ ಹೋಟೆಲುಗಳಲ್ಲಿ. ದುಡ್ಡು ಕೇಳದಿದ್ದರೂ ಸ್ಟಾರ್ ಹೋಟೆಲಿನ ಗೇಟು ಎಲ್ಲರನ್ನೂ ಒಂದೇ ಸಮ ಕರೆಯುವುದಿಲ್ಲ. ಆಟೊದಲ್ಲೋ ಬಸ್ಸಿನಲ್ಲೋ ಬಂದವರಿಗೆ ಆ ಗೇಟಿನ ಮುಂದೆ ತಮ್ಮ ಚಪ್ಪಲಿ, ತಮ್ಮ ಚೀಲ ನೆನಪಾಗುತ್ತದೆ. 2025ರ ಡಿಸೆಂಬರ್‌ನಲ್ಲಿ ಅದು ಫ್ರೀಡಂ ಪಾರ್ಕಿಗೆ ಬಂದದ್ದು ಈ ಕಾರಣಕ್ಕಾಗಿ ನನಗೆ ಬಹಳ ಸಂತೋಷ ಕೊಟ್ಟ ಬದಲಾವಣೆ. ಹಿಂದೆ ಸೆಂಟ್ರಲ್ ಜೈಲಾಗಿದ್ದು, ತುರ್ತು ಪರಿಸ್ಥಿತಿಯಲ್ಲಿ ರಾಜಕೀಯ ಬಂದಿಗಳನ್ನು ಇಟ್ಟಿದ್ದ ಆ ಜಾಗ ಈಗ ಯಾರು ಬೇಕಾದರೂ ನಡೆದು ಒಳಬರಬಹುದಾದ ಉದ್ಯಾನ. ಮೆಜೆಸ್ಟಿಕ್ಕಿನಿಂದ ಕಾಲ್ನಡಿಗೆಯ ದೂರ.

ಕನ್ನಡದ ಮಟ್ಟಿಗೆ ಇದು ಹೊಸ ವಿಚಾರವೂ ಅಲ್ಲ. ನಮ್ಮ ಪುಸ್ತಕ ಮೊದಲಿನಿಂದಲೂ ಓದುಗರು ಬರಲೆಂದು ಕಾದು ಕೂತದ್ದಲ್ಲ, ತಾನೇ ಎದ್ದು ಹೋದದ್ದು. ಗಳಗನಾಥರು (1869–1942) ತಾವು ಬರೆದ ಕಾದಂಬರಿಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ಜಿ.ಪಿ. ರಾಜರತ್ನಂ ಪುಸ್ತಕದ ಕಟ್ಟು ಹಿಡಿದು ಓದುಗರಿದ್ದಲ್ಲಿಗೆ ನಡೆದರು. ಧಾರವಾಡದಲ್ಲಿ ಜಿ.ಬಿ. ಜೋಶಿಯವರು 1933ರಲ್ಲಿ ಆರಂಭಿಸಿದ ಮನೋಹರ ಗ್ರಂಥಮಾಲೆ ಚಂದಾದಾರರನ್ನು ಕೂಡಿಸಿಕೊಂಡು ಅವರ ಮನೆಗೇ ಪುಸ್ತಕ ತಲುಪಿಸಿತು. ಇವರಿಗೆಲ್ಲ ತಮ್ಮ ಓದುಗರ ಮುಖ ಗೊತ್ತಿತ್ತು. ಗ್ರಂಥಾಲಯ ಇಲಾಖೆಯ ಸಗಟು ಖರೀದಿ ಬಂದ ಮೇಲೆ ಈ ಸಂಬಂಧ ಸಡಿಲವಾಯಿತು ಎಂಬುದು ನನ್ನ ಅನಿಸಿಕೆ. ಆಯ್ಕೆಯಾದ ಪುಸ್ತಕದ 300 ಪ್ರತಿ ಇಲಾಖೆಗೆ ಹೋಗುತ್ತದೆ ಎಂಬ ಭರವಸೆಯ ಮೇಲೆಯೇ ಎಷ್ಟೋ ಪುಸ್ತಕಗಳು ಅಚ್ಚಾದವು. ಆ ಯೋಜನೆ ಇಲ್ಲದಿದ್ದರೆ ಎಷ್ಟೋ ಒಳ್ಳೆಯ ಕವಿತಾ ಸಂಕಲನಗಳು, ಸಂಶೋಧನಾ ಗ್ರಂಥಗಳು ಹೊರಬರುತ್ತಲೇ ಇರಲಿಲ್ಲ. ಅದರ ಉಪಕಾರವನ್ನು ಮರೆಯಬಾರದು. ಆದರೆ ಪ್ರಕಾಶಕರ ಕಣ್ಣು ಓದುಗರ ಕಡೆಯಿಂದ ಆಯ್ಕೆ ಪಟ್ಟಿಯ ಕಡೆಗೆ ತಿರುಗಿತು. ಖರೀದಿ, ಹಣ ಪಾವತಿ ವರ್ಷಗಟ್ಟಲೆ ತಡವಾದಾಗ ಸಣ್ಣ ಪ್ರಕಾಶನಗಳು ಉಸಿರು ಬಿಗಿಹಿಡಿದು ಕೂತವು. ಮೇಳದ ಮೈದಾನದಲ್ಲಿ ಆ ಹಳೆಯ ಸಂಬಂಧ ಮತ್ತೆ ಕುದುರುತ್ತದೆ. ಸಣ್ಣ ಪ್ರಕಾಶನದ ಮಳಿಗೆಯಲ್ಲಿ ಬಿಲ್ ಬರೆಯುವವರೇ ಎಷ್ಟೋ ಸಲ ಕರಡು ತಿದ್ದಿದವರು, ಮುಖಪುಟ ಆರಿಸಿದವರು, ಕೆಲವೊಮ್ಮೆ ಬರೆದವರೂ ಕೂಡ. ಹತ್ತು ವರ್ಷ ಹಿಂದಿನ ಪುಸ್ತಕವೊಂದನ್ನು ಯಾರೋ ಎತ್ತಿಕೊಂಡಾಗ ಅವರ ಮುಖ ಅರಳುವುದನ್ನು ಕಂಡವರಿಗೆ, ಮಾರಾಟದ ಮೊತ್ತದಾಚೆಗೂ ಮೇಳಕ್ಕೊಂದು ಲೆಕ್ಕವಿದೆ ಎಂದು ವಿವರಿಸಿ ಹೇಳಬೇಕಿಲ್ಲ.

ಆ ಹಳೆಯ ಪುಸ್ತಕಗಳ ವಿಷಯ ಇನ್ನಷ್ಟು ಹೇಳಬೇಕು. ಅಂಗಡಿಯ ಜಾಗಕ್ಕೆ ಬಾಡಿಗೆ ಇದೆ. ಹೊಸದು ಬಂದಂತೆ ಹಳೆಯದು ಹಿಂದಿನ ಕಪಾಟಿಗೆ, ಅಲ್ಲಿಂದ ಗೋದಾಮಿಗೆ ಸರಿಯುತ್ತದೆ. ಮೇಳಕ್ಕೆ ಬರುವಾಗ ಪ್ರಕಾಶಕರು ಗೋದಾಮನ್ನೇ ತೆರೆದು ತರುತ್ತಾರೆ. ಕನ್ನಡ ಪುಸ್ತಕ ಪ್ರಾಧಿಕಾರ, ಸಾಹಿತ್ಯ ಅಕಾಡೆಮಿ, ವಿಶ್ವವಿದ್ಯಾಲಯಗಳ ಪ್ರಸಾರಾಂಗಗಳ ಮಳಿಗೆಗಳ ಮುಂದೆ ಸದಾ ಜನ ಮುಗಿಬೀಳುವುದಕ್ಕೆ ಕಾರಣ ಕಡಿಮೆ ಬೆಲೆ ಮಾತ್ರವಲ್ಲ. ಎಂ.ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ 1993ರಲ್ಲಿ ಬಂದ ಹದಿನೈದು ಸಂಪುಟಗಳ ಸಮಗ್ರ ವಚನ ಸಾಹಿತ್ಯದಂಥದ್ದನ್ನು, ಜಾನಪದ ಸಂಗ್ರಹಗಳನ್ನು, ಜಿಲ್ಲಾ ಗ್ಯಾಸೆಟಿಯರುಗಳನ್ನು ಬಡಾವಣೆಯ ಯಾವ ಅಂಗಡಿಯಲ್ಲಿ ಮುಟ್ಟಿ ನೋಡಲು ಸಾಧ್ಯ? 2011ರ ಫೆಬ್ರುವರಿ 4ರಿಂದ 6ರವರೆಗೆ ನ್ಯಾಷನಲ್ ಕಾಲೇಜು ಮೈದಾನದಲ್ಲಿ 77ನೆಯ ಕನ್ನಡ ಸಾಹಿತ್ಯ ಸಮ್ಮೇಳನ ನಡೆಯಿತು. ನಿಘಂಟು ತಜ್ಞ ಜಿ. ವೆಂಕಟಸುಬ್ಬಯ್ಯನವರು ಅಧ್ಯಕ್ಷರು; ಆಗ ಅವರಿಗೆ ತೊಂಬತ್ತೇಳು ವರ್ಷ. ಸಮ್ಮೇಳನ ಬೆಂಗಳೂರಿಗೆ ಮರಳಿದ್ದು ನಾಲ್ಕು ದಶಕಗಳ ನಂತರ. ವೇದಿಕೆಯ ಗೋಷ್ಠಿಗಳಲ್ಲಿ ಯಾರು ಏನು ಮಾತಾಡಿದರೆಂದು ಇಂದು ನೆನಪಿಟ್ಟುಕೊಂಡವರು ವಿರಳ. ಪುಸ್ತಕ ಮಳಿಗೆಗಳ ಸಾಲಿನಲ್ಲಿ ಕಾಲಿಡಲು ಜಾಗವಿಲ್ಲದಷ್ಟು ಜನ, ಎದ್ದ ಧೂಳು, ಶಾಮಿಯಾನದ ಕಂಬಕ್ಕೆ ಒರಗಿ ಆಗಲೇ ಓದಲು ತೊಡಗಿದವರು, ತೋಳಿಗೆ ಭಾರವಾಗಿ ಜಗ್ಗುವ ಬಟ್ಟೆ ಚೀಲಗಳು ಮಾತ್ರ ಹೋದವರ ಮನಸ್ಸಿನಲ್ಲಿ ಇಂದಿಗೂ ಇವೆ. ಅಂದಿನ ಆ ಚೀಲಗಳಲ್ಲಿದ್ದ ಪುಸ್ತಕಗಳು ಊರಿನ ಮನೆಮನೆಗಳ ಕಪಾಟಿನಲ್ಲಿ ಈಗಲೂ ನಿಂತಿರುತ್ತವೆ.

ಇದಕ್ಕೆ ಆಕ್ಷೇಪಗಳಿವೆ, ಅವನ್ನು ಹಗುರವಾಗಿ ತಳ್ಳಿಹಾಕಲಾಗದು. ಹೆಚ್ಚು ಕೇಳಿಬರುವುದು ಜಾತ್ರೆಯ ಆಕ್ಷೇಪ: ಬರುವವರಲ್ಲಿ ಮುಕ್ಕಾಲು ಪಾಲು ಜನ ಬಜ್ಜಿ, ಚುರುಮುರಿ, ಸೆಲ್ಫಿಗೆ ಬರುತ್ತಾರೆ, ಪುಸ್ತಕ ಕೊಳ್ಳುವವರು ಬೆರಳೆಣಿಕೆ ಎನ್ನುತ್ತಾರೆ. ಇದಕ್ಕೆ ಜವಾಬು ಉತ್ತರ ಬೆಂಗಳೂರಿನಲ್ಲೇ ಇದೆ. ಸಾಮಾನ್ಯವಾಗಿ ನವೆಂಬರ್‌ನಲ್ಲಿ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲಿ ನಡೆಯುವ ಕೃಷಿ ಮೇಳಕ್ಕೆ ಲಕ್ಷಗಟ್ಟಲೆ ಜನ ಬರುತ್ತಾರೆ. ಬಂದವರೆಲ್ಲ ಟಿಲ್ಲರ್ ಕೊಳ್ಳುವುದಿಲ್ಲ. ಎಷ್ಟೋ ಜನ ಮುದ್ದೆ ಊಟ ಮಾಡಿ, ಮೇಕೆ ಕೋಳಿ ನೋಡಿ, ಒಂದು ಪೊಟ್ಟಣ ಬೀಜ ಹಿಡಿದು ಹೋಗುತ್ತಾರೆ. ಅದಕ್ಕಾಗಿ ಕೃಷಿ ಮೇಳ ವ್ಯರ್ಥವೆಂದು ಯಾರೂ ಅನ್ನುವುದಿಲ್ಲ, ಏಕೆಂದರೆ ಹೊಸ ರಾಗಿ ತಳಿಯೊಂದನ್ನು ಪ್ರಾತ್ಯಕ್ಷಿಕೆಯ ತಾಕಿನಲ್ಲಿ ಕಣ್ಣಾರೆ ಕಂಡ ರೈತರು ಮುಂದಿನ ಮುಂಗಾರಿಗೆ ಅದನ್ನು ಕೇಳಿಕೊಂಡು ಬರುತ್ತಾರೆಂದು ವಿಶ್ವವಿದ್ಯಾಲಯಕ್ಕೆ ಗೊತ್ತು. ಪುಸ್ತಕಕ್ಕೂ ಅಷ್ಟು ತಾಳ್ಮೆಯ ಲೆಕ್ಕ ಯಾಕೆ ಬೇಡ? ಮನೆಯವರೆಲ್ಲ ಒಟ್ಟಿಗೆ ಬರಬೇಕೆಂದರೆ ಮಕ್ಕಳಿಗೆ ತಿಂಡಿ ಬೇಕು, ಅಜ್ಜಿಗೆ ಕೂರಲು ಕುರ್ಚಿ ಬೇಕು. ಇವನ್ನೆಲ್ಲ ತೆಗೆದುಹಾಕಿದರೆ ಉಳಿಯುವವರು ಹೇಗೂ ಪುಸ್ತಕ ಹುಡುಕಿ ಹೋಗುವ ಜನ ಮಾತ್ರ. ಅವರಿಗಾಗಿ ಮೈದಾನ ಬೇಕಿಲ್ಲ, ಅಂಕಿತ ಪುಸ್ತಕವೋ ನವಕರ್ನಾಟಕವೋ ಸಪ್ನವೋ ಸಾಕು.

ಎರಡನೆಯ ಆಕ್ಷೇಪ ಇಂದಿನದು: ಎಲ್ಲ ಪುಸ್ತಕವೂ ಮೊಬೈಲಿನಲ್ಲಿ ಸಿಗುವಾಗ ಬಿಸಿಲಿನಲ್ಲಿ ಯಾಕೆ ತಿರುಗಬೇಕು? ಹೆಸರು ಗೊತ್ತಿರುವ ಪುಸ್ತಕಕ್ಕೆ ಮೊಬೈಲು ಒಳ್ಳೆಯ ದಾರಿ, ಒಪ್ಪುತ್ತೇನೆ. ಹುಡುಕುವ ಪೆಟ್ಟಿಗೆಯಲ್ಲಿ ಏನನ್ನು ಟೈಪ್ ಮಾಡಬೇಕೆಂದು ತಿಳಿಯದವರಿಗೆ ಅದು ಅಂಗಡಿಯವರ ಪ್ರಶ್ನೆಯನ್ನೇ ಮತ್ತೆ ಕೇಳುತ್ತದೆ. ನಿನ್ನೆ ಕೊಂಡದ್ದರಂಥದ್ದನ್ನೇ ಇಂದೂ ಮುಂದಿಡುವುದು ಅದರ ರೀತಿ. ತೆಂಗಿನ ಬೇಸಾಯದ ಪುಸ್ತಕ ಹುಡುಕಿ ಬಂದವರ ಕಣ್ಣಿಗೆ ಪಕ್ಕದ ಮೇಜಿನ ದೇವನೂರ ಮಹಾದೇವ ಬೀಳುವ ಸಂಭವ ಮೈದಾನದಲ್ಲಿದೆ, ಪರದೆಯ ಮೇಲೆ ಇಲ್ಲ. ಖರ್ಚಿನ ಮಾತೂ ಇದೆ. ಅಂಚೆ ಇಲಾಖೆ 2024ರ ಡಿಸೆಂಬರ್‌ನಲ್ಲಿ ರಿಜಿಸ್ಟರ್ಡ್ ಬುಕ್ ಪೋಸ್ಟ್ ನಿಲ್ಲಿಸಿತು. ತೆಳುವಾದ ಒಂದು ಕವನ ಸಂಕಲನವನ್ನು ಒಬ್ಬ ಓದುಗರಿಗೆ ಕಳಿಸುವ ವೆಚ್ಚ ಅದರ ಬೆಲೆಯ ದೊಡ್ಡ ಪಾಲಾಗುತ್ತದೆ, ಅದನ್ನು ಪ್ರಕಾಶಕರು ಹೊರಬೇಕು ಇಲ್ಲವೇ ಓದುಗರು ಹೊರಬೇಕು. ಕೈಯಿಂದ ಕೈಗೆ ಹೋಗುವ ಪುಸ್ತಕಕ್ಕೆ ಆ ಭಾರವಿಲ್ಲ.

ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ ಆಕ್ಷೇಪ ಮೂರನೆಯದು. ಮೂರು ದಿನದ ಸಡಗರಕ್ಕಿಂತ ವರ್ಷವಿಡೀ ತೆರೆದಿರುವ ಗ್ರಂಥಾಲಯ ದೊಡ್ಡದಲ್ಲವೇ? ದೊಡ್ಡದು, ಸಂಶಯವಿಲ್ಲ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಪ್ರಕಾರ ಆಸ್ತಿ ತೆರಿಗೆಯ ಮೇಲೆ ಶೇ 6ರಷ್ಟು ಗ್ರಂಥಾಲಯ ಕರ ಸಂಗ್ರಹವಾಗುತ್ತದೆ. ಸಿಂಗಾಪುರದ ಒಂದು ಸಣ್ಣ ಮನೆಯ ಮಾಲೀಕರೂ ವರ್ಷ ವರ್ಷ ಅದನ್ನು ಕಟ್ಟುತ್ತಿದ್ದಾರೆ. ಪಾಲಿಕೆ ಸಂಗ್ರಹಿಸಿದ ಆ ಹಣ ಗ್ರಂಥಾಲಯ ಇಲಾಖೆಗೆ ಪೂರ್ತಿ ತಲುಪದೆ ನೂರಾರು ಕೋಟಿ ಬಾಕಿ ಉಳಿದ ಸುದ್ದಿ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬಂದಿದೆ. ಆ ಹಣ ಬಂದು, ಹೊಸ ಬಡಾವಣೆಗಳಲ್ಲಿ ಬೆಳಕು ಗಾಳಿಯಿರುವ ಗ್ರಂಥಾಲಯಗಳು ಎದ್ದು, ಮಕ್ಕಳಿಗೆ ಪ್ರತ್ಯೇಕ ಕೋಣೆ ಆಗಲೇಬೇಕು. ಇದಕ್ಕಾಗಿ ಒತ್ತಾಯ ಮಾಡುವುದನ್ನು ಯಾರೂ ಬಿಡಬಾರದು. ಆದರೆ ಮೇಳ ಗ್ರಂಥಾಲಯದ ಎದುರಾಳಿಯೇನೂ ಅಲ್ಲ. ಕೋಲ್ಕತ್ತದ ಪುಸ್ತಕ ಮೇಳ 1976ರಲ್ಲಿ, ಚೆನ್ನೈನದು 1977ರಲ್ಲಿ ಶುರುವಾದವು. ಎರಡು ಊರುಗಳಲ್ಲೂ ಅದರಿಂದ ಗ್ರಂಥಾಲಯಕ್ಕಾಗಲಿ ಅಂಗಡಿಗಾಗಲಿ ಕೇಡಾಗಲಿಲ್ಲ; ಪುಸ್ತಕ ಕೊಳ್ಳುವುದೆಂದರೆ ಹಬ್ಬದ ಖರ್ಚಿನ ಒಂದು ಭಾಗ ಎಂಬ ರೂಢಿ ಮಧ್ಯಮ ವರ್ಗದ ಮನೆಗಳಲ್ಲಿ ಬೇರೂರಿತು. ಚೆನ್ನೈಯವರಿಗೆ ಪೊಂಗಲ್ ಹೊತ್ತಿಗೆ ಮೇಳ ಬರುತ್ತದೆಂದು ಗೊತ್ತು, ಅದಕ್ಕೆಂದೇ ದುಡ್ಡು ಎತ್ತಿಡುತ್ತಾರೆ. ನಮ್ಮಲ್ಲಿ ತಿಂಗಳೂ ಬದಲಾಗುತ್ತದೆ, ಜಾಗವೂ ಬದಲಾಗುತ್ತದೆ, ಕೆಲವು ವರ್ಷ ಇದ್ದ ಮೇಳ ಆಮೇಲೆ ಇರುವುದೇ ಇಲ್ಲ. ರೂಢಿ ಕಟ್ಟಿಕೊಳ್ಳುವುದಕ್ಕೆ ಗೊತ್ತಾದ ದಿನ, ಗೊತ್ತಾದ ಬಯಲು ಬೇಕು.

ಮಳೆ, ಧೂಳು, ಬೆಂಕಿಯ ಭಯ, ಮೈದಾನಕ್ಕಾಗುವ ಹಾನಿ ಇವೆಲ್ಲ ನಿಜ. ಕೋಲ್ಕತ್ತದಲ್ಲಿ 1997ರಲ್ಲಿ ಬೆಂಕಿ ಬಿದ್ದು ಪುಸ್ತಕಗಳು ಸುಟ್ಟುಹೋದವು, ಕೆಲವೇ ದಿನಗಳಲ್ಲಿ ಮೇಳ ಮತ್ತೆ ತೆರೆಯಿತು. ಪರಿಸರದ ಕಾರಣಕ್ಕೆ ಹೈಕೋರ್ಟು ಬೇಡವೆಂದಾಗ 2007ರಲ್ಲಿ ಅಲ್ಲಿನ 'ಮೈದಾನ್' ಎಂಬ ಬಯಲನ್ನು ಬಿಟ್ಟು ಅಲೆದು, ಕಡೆಗೆ ಸಾಲ್ಟ್ ಲೇಕಿನಲ್ಲಿ ನೆಲೆ ಕಂಡಿತು. ಮರ ಕಡಿಯದೆ, ಪ್ಲಾಸ್ಟಿಕ್ ಹರಡದೆ, ಆಡುವ ಮಕ್ಕಳ ಜಾಗವನ್ನು ವಾರಕ್ಕಿಂತ ಹೆಚ್ಚು ಕಿತ್ತುಕೊಳ್ಳದೆ ಮೇಳ ನಡೆಸಲು ಬರುತ್ತದೆ. ಬೆಂಗಳೂರಿನಲ್ಲಿ ಜನವರಿ, ಫೆಬ್ರುವರಿ ತಿಂಗಳುಗಳಲ್ಲಿ ಮಳೆಯ ಕಾಟ ಕಡಿಮೆ. ಸಂಜೆಗೆ ತಂಪಿರುತ್ತದೆ, ಮಧ್ಯಾಹ್ನದ ಬಿಸಿಲೂ ಸುಡುವುದಿಲ್ಲ.

ಇನ್ನು ಉತ್ತರ ಬೆಂಗಳೂರಿನ ಮಾತು. ಪುಸ್ತಕದ ದೊಡ್ಡ ಸಂಭ್ರಮಗಳು ಬಸವನಗುಡಿ, ಜಯನಗರ, ಎಚ್‌ಎಸ್‌ಆರ್ ಬಡಾವಣೆ, ಊರ ನಡುವಿನ ಉದ್ಯಾನಗಳು ಎಂದು ಸುತ್ತುತ್ತವೆ. ಉತ್ತರಕ್ಕೆ ಅತಿ ಹತ್ತಿರ ಬಂದದ್ದೆಂದರೆ ಅರಮನೆ ಮೈದಾನ, ಅದೂ ಮೇಖ್ರಿ ವೃತ್ತದ ಆಚೆ. ಸಿಂಗಾಪುರದಿಂದ ಜಯನಗರಕ್ಕೆ ಇಪ್ಪತ್ತು ಕಿಲೋಮೀಟರಿನ ಆಸುಪಾಸು. ಹೆಬ್ಬಾಳದ ಮೇಲ್ಸೇತುವೆ ದಾಟಿ, ನಡುವೆ ಬಸ್ಸು ಬದಲಾಯಿಸಿ ಹೋಗಿ ಬರುವಷ್ಟರಲ್ಲಿ ಅರ್ಧ ದಿನ ರಸ್ತೆಗೇ ಹೋಗುತ್ತದೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳಿಗೆ ಟಿಕೆಟ್ಟಿನ ದುಡ್ಡು ಉಳಿಯಿತು, ಆದರೆ ಮನೆ ಕೆಲಸ ಮುಗಿಸಿ ಹೊರಡುವವರಿಗೆ ಹೊತ್ತು ಉಳಿಯಲಿಲ್ಲ. ಯಲಹಂಕಕ್ಕೆ 1996ರಿಂದ ವೈಮಾನಿಕ ಪ್ರದರ್ಶನ ಬರುತ್ತದೆ, ಜಿಕೆವಿಕೆಗೆ ಕೃಷಿ ಮೇಳ ಬರುತ್ತದೆ. ದೊಡ್ಡ ಜನಸಂದಣಿಯನ್ನು ಸಂಭಾಳಿಸುವುದು ಈ ಭಾಗಕ್ಕೆ ಗೊತ್ತಿಲ್ಲದ ವಿದ್ಯೆಯಲ್ಲ. ಓದುವ ಹಿನ್ನೆಲೆಯೂ ಇಲ್ಲಿದೆ. 1953ರಲ್ಲಿ ಎಚ್‌ಎಂಟಿ, 1954ರಲ್ಲಿ ಬಿಇಎಲ್ ಜಾಲಹಳ್ಳಿಯಲ್ಲಿ ನೆಲೆಯೂರಿದ ಮೇಲೆ ನಾಡಿನ ಮೂಲೆಮೂಲೆಯಿಂದ ಬಂದ ಕಾರ್ಮಿಕರು ಕಾರ್ಖಾನೆಯ ಕನ್ನಡ ಸಂಘಗಳನ್ನು ಕಟ್ಟಿದರು, ನಾಟಕವಾಡಿದರು, ರಾಜ್ಯೋತ್ಸವಕ್ಕೆ ಲೇಖಕರನ್ನು ಕರೆಸಿದರು. ವಿದ್ಯಾರಣ್ಯಪುರ, ಕೊಡಿಗೇಹಳ್ಳಿ, ಎಂ.ಎಸ್. ಪಾಳ್ಯದ ಬಡಾವಣೆಗಳಲ್ಲಿ ಈಗ ನಿವೃತ್ತರಾಗಿರುವವರು ಆ ಜನವೇ.

ಅವರ ಮೊಮ್ಮಕ್ಕಳು ಇಂಗ್ಲಿಷ್ ಶಾಲೆಯಲ್ಲಿ ಓದುತ್ತಾರೆ, ಕನ್ನಡ ಪುಸ್ತಕ ಯಾರಿಗೆ ಬೇಕು ಎಂದು ಕೇಳುವವರಿದ್ದಾರೆ. ಈ ಪ್ರಶ್ನೆಗೆ ನಾನು ಕೊಡುವ ಉತ್ತರ ಆಸೆಯದು. 2015ರ ಕನ್ನಡ ಭಾಷಾ ಕಲಿಕಾ ಕಾಯ್ದೆಯಿಂದ ಎಲ್ಲ ಪಠ್ಯಕ್ರಮದ ಶಾಲೆಗಳಲ್ಲೂ ಕನ್ನಡ ಕಲಿಸಬೇಕಾಗಿದೆ. ಹಾಗೆ ಅಕ್ಷರ ಕಲಿತ ಎಷ್ಟೋ ಮಕ್ಕಳ ಮನೆಯಲ್ಲಿ ಪಠ್ಯಪುಸ್ತಕವೊಂದನ್ನು ಬಿಟ್ಟರೆ ಓದಲು ಕನ್ನಡದ ಒಂದು ಹಾಳೆಯೂ ಇಲ್ಲ. ದಪ್ಪ ಅಕ್ಷರದ, ಚಿತ್ರ ತುಂಬಿದ, ಹತ್ತಿಪ್ಪತ್ತು ಪುಟದ ಕಥೆ ಪುಸ್ತಕಗಳನ್ನು ನವಕರ್ನಾಟಕ, ನ್ಯಾಷನಲ್ ಬುಕ್ ಟ್ರಸ್ಟ್, ಪ್ರಥಮ್ ಬುಕ್ಸ್ ಕಡಿಮೆ ಬೆಲೆಗೆ ತರುತ್ತಿವೆ. ಆ ಪುಸ್ತಕವೂ ಆ ಮಗುವೂ ಒಂದೇ ಊರಿನಲ್ಲಿದ್ದೂ ಭೇಟಿಯಾಗುತ್ತಿಲ್ಲ. ತಮಿಳು, ತೆಲುಗು, ಹಿಂದಿ ಮನೆಮಾತಿನ ನೆರೆಯವರು ಕನ್ನಡ ಕಲಿಯಬೇಕೆಂದು ಬಯಸುವ ನಾವು, ಅವರ ಕೈಗೆ ಸುಲಭವಾಗಿ ಸಿಗುವಲ್ಲಿ ಒಂದು ಕನ್ನಡ ಕಲಿಕೆಯ ಪುಸ್ತಕವನ್ನಾದರೂ ಇಡಬೇಕಲ್ಲವೇ?

ಹಾಗಾಗಿ ನನ್ನ ಬೇಡಿಕೆ ಇಷ್ಟು. ಪ್ರತಿ ವರ್ಷ ಸಂಕ್ರಾಂತಿಯ ನಂತರದ ವಾರಾಂತ್ಯ, ವಿದ್ಯಾರಣ್ಯಪುರದ ಎನ್‌ಟಿಐ ಮೈದಾನದಲ್ಲೋ ಜಿಕೆವಿಕೆಯ ಕೃಷಿ ಮೇಳದ ಬಯಲಿನಲ್ಲೋ, ಕನ್ನಡ ಪುಸ್ತಕ ಪ್ರಾಧಿಕಾರವೂ ಹೊಸ ಉತ್ತರ ನಗರ ಪಾಲಿಕೆಯೂ ಸೇರಿ ಮೇಳ ನಡೆಸಲಿ. ಪ್ರವೇಶಕ್ಕೆ ಟಿಕೆಟ್ ಬೇಡ. ಸಣ್ಣ ಪ್ರಕಾಶಕರ ಮಳಿಗೆ ಬಾಡಿಗೆಯನ್ನು ಗ್ರಂಥಾಲಯ ಕರದಿಂದ ಭರಿಸುವ ದಾರಿಯನ್ನು ಕಾನೂನಿನ ಚೌಕಟ್ಟಿನಲ್ಲಿ ಹುಡುಕಲಿ. ಯಲಹಂಕ, ಯಶವಂತಪುರ, ಆರ್.ಟಿ. ನಗರದಿಂದ ಬಿಎಂಟಿಸಿ ಬಸ್ಸು ರಾತ್ರಿ ಒಂಬತ್ತೂವರೆಯವರೆಗೆ ಓಡಲಿ. ಕೆಲಸ ಮುಗಿಸಿದವರು ಬರಬೇಕೆಂದರೆ ಮಳಿಗೆಗಳು ಒಂಬತ್ತರವರೆಗಾದರೂ ತೆರೆದಿರಬೇಕು. ಕುಡಿಯುವ ನೀರು, ಸ್ವಚ್ಛ ಶೌಚಾಲಯ, ವಯಸ್ಸಾದವರಿಗೆ ಸಾಲು ಸಾಲು ಕುರ್ಚಿ, ಗಾಲಿಕುರ್ಚಿ ಸಾಗುವಂಥ ನೆಲಹಾಸು ಇರಲಿ. ಸರ್ಕಾರಿ ಶಾಲೆಯ ಮಕ್ಕಳಿಗೆ ಮೊದಲ ದಿನ ಬೆಳಗ್ಗೆ ಮೀಸಲಿಟ್ಟು, ಒಬ್ಬೊಬ್ಬರಿಗೂ ತಮಗೆ ಬೇಕಾದ ಪುಸ್ತಕವನ್ನು ತಾವೇ ಆರಿಸಿಕೊಳ್ಳಲು ನೂರು ರೂಪಾಯಿಯ ಕೂಪನ್ ಕೊಡಲಿ. ಮೊದಲ ವರ್ಷಕ್ಕೆ ಐವತ್ತು ಮಳಿಗೆ ಸಾಕು.